ಸಂಸಾರ ಅನ್ನೋ ಕೆಂಪು ಸೀಸೆ

ಅತ್ತೆಗೆ ಕಣ್ಣು ಮಂಜು. ಎರಡೂ ಕಣ್ಣಿಗೆ ಪೊರೆ ತೆಗೆಸಿದ್ದೇವೆ, ಆದರೂ ನೋಟ ಪೂರ್ತಿ ಮರಳಲಿಲ್ಲ. ಬಾಗಿಲಲ್ಲಿ ಯಾರಾದರೂ ನಿಂತರೆ ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ. ಹಾಗಾಗಿ ಮನೆಯವರನ್ನೆಲ್ಲ ಅವರು ಹೆಜ್ಜೆ ಸಪ್ಪಳದಿಂದ, ವಾಸನೆಯಿಂದ ಗುರುತು ಹಿಡಿಯುತ್ತಾರೆ. ನಾನು ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಒಳಗಿಂದ "ಬಂದ್ಯಾಮ್ಮಾ?" ಅನ್ನುತ್ತಾರೆ. ನನ್ನ ಸೀರೆಗೆ, ಕೂದಲಿಗೆ ಹುರಿದ ಕಾಫಿ ಬೀಜದ ವಾಸನೆ ಹತ್ತಿಕೊಂಡಿರುತ್ತದಲ್ಲ, ಅದೇ ನನ್ನ ಗುರುತು.

ಒಂದು ಭಾನುವಾರ ಸಂಜೆ ನಾನು ಅವರ ಕೋಣೆಗೆ ಹೋದಾಗ ಅವರು ತಲೆ ಎತ್ತಿ "ಯಾರು?" ಅಂದರು.

"ನಾನೇ ಅತ್ತೆ."

"ನೀನಾ? ಏನು ಹಾಕ್ಕೊಂಡಿದ್ದೀಯ? ಗಂಧದ ಪೆಟ್ಟಿಗೆ ಮುಚ್ಚಳ ತೆಗೆದ ಹಾಗಿದೆ. ಪಕ್ಕದಲ್ಲೇ ಯಾರೋ ಪಾಯಸ ಇಳಿಸಿಟ್ಟಿದ್ದಾರೆ."

ಸಿಹಿಯಾದ, ಮರದ ಘಮದ ಹೆಂಗಸರ ಸೆಂಟಿನ ಬಗ್ಗೆ ನಾನು ಎಷ್ಟೋ ಓದಿದ್ದೇನೆ. ಇಷ್ಟು ಸರಿಯಾಗಿ ಹೇಳಿದವರನ್ನು ಕಂಡಿಲ್ಲ.

ಆ ಸೆಂಟಿನ ಹೆಸರು ಸಂಸಾರ. ಹೌದು, ನಮ್ಮ ಸಂಸಾರವೇ. ಪ್ಯಾರಿಸ್ಸಿನ ಗೆರ್ಲ್ಯಾನ್ ಕಂಪನಿಯವರು 1989ರಲ್ಲಿ ಹೊರತಂದದ್ದು, ಮಾಡಿದವರು ಜಾನ್ ಪಾಲ್ ಗೆರ್ಲ್ಯಾನ್. ಗಂಧ ಮತ್ತು ಮಲ್ಲಿಗೆ ಅದರ ಎರಡು ಕಂಬ. ದುಬೈಯಲ್ಲಿರುವ ನನ್ನ ನಾದಿನಿ ಕೆಲವು ವರ್ಷದ ಹಿಂದೆ ರಜೆಗೆ ಬಂದಾಗ ಕೆಂಪು ಸೀಸೆಯೊಂದನ್ನು ಕೈಗಿಟ್ಟು "ಅತ್ತಿಗೆ, ವಾಸನೆ ನೋಡಿ ತಂದಿದ್ದಲ್ಲ, ಹೆಸರು ನೋಡಿ ತಂದೆ" ಅಂದಳು. ಕಂಪನಿಯವರ ಲೆಕ್ಕದಲ್ಲಿ ಸಂಸಾರ ಅಂದ್ರೆ ಹುಟ್ಟು ಸಾವಿನ ಚಕ್ರ. ನಮ್ಮ ಕನ್ನಡದಲ್ಲಿ ಆ ಪದ ಮನೆಯೊಳಗೆ ಬಂದು ಕೂತಿದೆ. ಸಂಸಾರ ಅಂದ್ರೆ ಗಂಡ ಹೆಂಡತಿ, ಮಕ್ಕಳು, ಅತ್ತೆ ಮಾವ, ಹಾಲಿನ ಲೆಕ್ಕ, ಗ್ಯಾಸ್ ಬುಕ್ಕಿಂಗು. ಹಳಬರು ಹೆಂಡತಿಯನ್ನೇ "ನಮ್ಮ ಸಂಸಾರ" ಅಂತ ಪರಿಚಯ ಮಾಡಿಕೊಡುತ್ತಿದ್ದರು. ಈ ಅರ್ಥದಲ್ಲೇ ನನಗೆ ಆ ಸೆಂಟು ಅರ್ಥವಾಯಿತು. ಆದರೆ ತಕ್ಷಣ ಅಲ್ಲ. ಅದಕ್ಕೆ ಒಂದು ತಪ್ಪು ನಡೆಯಬೇಕಾಯಿತು.

ನನ್ನ ಕೆಲಸ ಕಾಫಿಯ ರುಚಿ ನೋಡುವುದು. ಮಡಿಕೇರಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಸುಂಟಿಕೊಪ್ಪ, ಆನೆಕಾಡು ದಾಟಿ ಕುಶಾಲನಗರದ ಕಡೆಗೆ ಇಳಿಯುತ್ತೇನೆ. ಅಲ್ಲೊಂದು ಕ್ಯೂರಿಂಗ್ ವರ್ಕ್ಸ್. ತೋಟಗಳಿಂದ ಬಂದ, ಹಣ್ಣನ್ನು ಹಾಗೇ ಒಣಗಿಸಿದ ಚೆರ್ರಿ, ತಿರುಳು ತೆಗೆದು ಒಳಸಿಪ್ಪೆಯೊಂದಿಗೆ ಒಣಗಿಸಿದ ಪಾರ್ಚ್‌ಮೆಂಟ್ ಅಲ್ಲಿ ಸಿಪ್ಪೆ ಕಳಚಿ, ಗಾತ್ರಕ್ಕೆ ತಕ್ಕಂತೆ ಬೇರೆಯಾಗಿ, ಚೀಲ ಸೇರುತ್ತದೆ. ಪ್ರತಿ ಲಾಟಿನ ಸ್ಯಾಂಪಲ್ ಹುರಿದು, ಪುಡಿ ಮಾಡಿ, ಸಾಲಾಗಿ ಬಟ್ಟಲಿಡುತ್ತೇವೆ. ಒಂದು ಬಟ್ಟಲಿಗೆ 150 ಮಿಲಿ ನೀರು, 8.25 ಗ್ರಾಂ ಪುಡಿ. ನೀರಿನ ಬಿಸಿ 93 ಡಿಗ್ರಿ ಆಸುಪಾಸು. 4 ನಿಮಿಷ ಬಿಟ್ಟು, ಮೇಲೆ ಕಟ್ಟಿದ ಪುಡಿಯ ಪದರವನ್ನು ಚಮಚದ ಬೆನ್ನಿನಿಂದ ಒಡೆಯುತ್ತೇವೆ. ಮೂಗು ಆಗ ಬಟ್ಟಲಿಗೆ ತಾಗುವಷ್ಟು ಹತ್ತಿರ ಇರಬೇಕು. ಆ ಎರಡು ಉಸಿರಿನಲ್ಲೇ ಅರ್ಧ ಸುದ್ದಿ ಸಿಕ್ಕಿಬಿಡುತ್ತದೆ: ಹಣ್ಣು ಜಾಸ್ತಿ ಹುಳಿಯಿತೋ, ಕಣದಲ್ಲಿ ಮಳೆಗೆ ಸಿಕ್ಕಿತೋ, ಗೋಣಿಚೀಲದ ವಾಸನೆ ಹೀರಿತೋ. ಕಾಫಿ ಬೀಜ ಗಾಳಿಯನ್ನು ಕುಡಿಯುವ ವಸ್ತು. ಪಕ್ಕದಲ್ಲಿ ಏನಿದ್ದರೂ ಅದನ್ನು ತನ್ನದಾಗಿಸಿಕೊಳ್ಳುತ್ತದೆ.

ಹಾಗಾಗಿ ಕಪ್ಪಿಂಗ್ ಕೋಣೆಗೆ, ಅಂದ್ರೆ ಹೀಗೆ ರುಚಿ ನೋಡುವ ಕೋಣೆಗೆ, ಬರುವವರು ಸೆಂಟು ಹಾಕಬಾರದು. ಘಮದ ಎಣ್ಣೆ ಬೇಡ, ಮಲ್ಲಿಗೆ ಮುಡಿಯಬಾರದು. ಸೋಪು ಕೂಡ ವಾಸನೆ ಕಡಿಮೆ ಇರುವುದೇ ಆಗಬೇಕು. ನಾನು ಈ ನಿಯಮವನ್ನು ಹದಿನೇಳು ವರ್ಷದಿಂದ ಪಾಲಿಸಿದ್ದೇನೆ. ಸೀಸೆ ಬಂದ ಮೇಲೂ ಶನಿವಾರ ರಾತ್ರಿ, ಭಾನುವಾರ ಬಿಟ್ಟರೆ ಮುಟ್ಟುತ್ತಿರಲಿಲ್ಲ.

ಒಂದು ಸಲ ವಿರಾಜಪೇಟೆಯಲ್ಲಿ ಮದುವೆ ಇತ್ತು. ವಾರದ ನಡುವೆ. ರಾತ್ರಿ ತಡವಾಗಿ ಮನೆಗೆ ಬಂದೆ. ಬೆಳಿಗ್ಗೆ ಸ್ನಾನ ಮಾಡಿ, ಬೇರೆ ಸೀರೆ ಉಟ್ಟು, ಚಳಿ ಅಂತ ರಾತ್ರಿ ಹೊದ್ದಿದ್ದ ಅದೇ ಉಣ್ಣೆ ಶಾಲು ಹೊದ್ದುಕೊಂಡು ಬಸ್ಸು ಹತ್ತಿದೆ. ಕೆಲಸದಲ್ಲಿ ಮೊದಲ ಸಾಲಿನ ಬಟ್ಟಲುಗಳು ಸಿದ್ಧವಾಗಿದ್ದವು. ನಾನು ಒಂದೊಂದಾಗಿ ಒಡೆದು, ಮೂಸಿ, ಬರೆದುಕೊಂಡು ಹೋದೆ. ನನ್ನ ಹಿಂದೆಯೇ ಬರುತ್ತಿದ್ದ ಹಿರಿಯರು ಮೂರನೇ ಬಟ್ಟಲಿಗೆ ನಿಂತರು. ಚಮಚ ಕೆಳಗಿಟ್ಟರು.

"ಇವತ್ತು ಯಾರಮ್ಮಾ ಗಂಧ ತೇಯ್ದಿದ್ದು?"

ನಾನು ಸುತ್ತಲೂ ನೋಡಿದೆ. ನನಗೇನೂ ಬರುತ್ತಿರಲಿಲ್ಲ. ಶಾಲನ್ನು ಮೂಗಿಗೆ ಒತ್ತಿಕೊಂಡೆ. ಆಗಲೂ ಉಣ್ಣೆಯ ವಾಸನೆ ಮಾತ್ರ.

"ನಿಮಗೆ ಗೊತ್ತಾಗಲ್ಲಮ್ಮ" ಅಂದರು ಅವರು. "ರಾತ್ರಿಯೆಲ್ಲ ಅದರ ಜೊತೆ ಇದ್ದೀರಿ."

ಬಟ್ಟಲುಗಳನ್ನೆಲ್ಲ ಚೆಲ್ಲಿ, ಕಿಟಕಿ ತೆರೆದು, ಶಾಲನ್ನು ಹೊರಗೆ ಕಳಿಸಿ, ಮತ್ತೆ ಮೊದಲಿನಿಂದ ಶುರು ಮಾಡಿದೆವು. ಯಾರೂ ಬೈಯಲಿಲ್ಲ. ಆದರೆ ನನಗೆ ಆ ದಿನ ಪೂರ್ತಿ ಕಾಲ ಕೆಳಗಿನ ನೆಲ ಸರಿದ ಹಾಗಿತ್ತು. ಮೂಗನ್ನೇ ನಂಬಿ ಸಂಬಳ ತಗೊಳ್ಳುವವಳು ನಾನು. ನನ್ನ ಹೆಗಲ ಮೇಲಿದ್ದ ಗಂಧ ನನಗೇ ಗೊತ್ತಾಗಲಿಲ್ಲ. ಮೂರು ಅಡಿ ದೂರದಲ್ಲಿ ನಿಂತವರಿಗೆ ಗೊತ್ತಾಯಿತು.

ಇದಕ್ಕೆ ಕಾರಣ ಓದಿದ್ದೆ, ಅನುಭವಿಸಿರಲಿಲ್ಲ ಅಷ್ಟೆ. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಮೂಗು ಅದನ್ನು ಬದಿಗಿಡುತ್ತದೆ. ಹೊಸದೇನು ಬಂತು ಅಂತ ನೋಡುವುದು ಅದರ ಕೆಲಸ. ಇದ್ದದ್ದೇ ಇದ್ದರೆ ಮಿದುಳಿಗೆ ಸುದ್ದಿ ಹೋಗುವುದು ಕಡಿಮೆಯಾಗುತ್ತದೆ. ಮನೆಯವರಿಗೆ ಮನೆಯ ವಾಸನೆ ಗೊತ್ತಾಗದೆ ನೆಂಟರಿಗೆ ಬಾಗಿಲಲ್ಲೇ ಗೊತ್ತಾಗುವುದು ಇದೇ ಕಾರಣಕ್ಕೆ. ಮರದ ಘಮದ ಸೆಂಟುಗಳಲ್ಲಿ ಇದು ಇನ್ನೂ ಜಾಸ್ತಿ. ಭಾರದ ಕಣಗಳು ನಿಧಾನವಾಗಿ, ಸಮನಾಗಿ, ಗಂಟೆಗಟ್ಟಲೆ ಏಳುತ್ತಿರುತ್ತವೆ. ಅಂಥ ಸಮನಾದ ಸದ್ದನ್ನೇ ಕಿವಿ ಮೊದಲು ಮರೆಯುವುದು, ಅಲ್ವಾ? ಮೂಗೂ ಹಾಗೇ. ಹಾಗಾಗಿ "ನನ್ನ ಮೈಮೇಲೆ ಎರಡು ಗಂಟೆಯೂ ನಿಲ್ಲಲಿಲ್ಲ" ಅಂತ ಯಾರಾದರೂ ಹೇಳಿದರೆ ನಾನೀಗ ಮೊದಲು ಕೇಳುವುದು, "ಪಕ್ಕದಲ್ಲಿದ್ದವರನ್ನು ಕೇಳಿದ್ರಾ?"

ಆ ದಿನದಿಂದ ನಾನು ಈ ಸೆಂಟನ್ನು ಕಾಫಿಯ ಹಾಗೆ ನೋಡಲು ಶುರು ಮಾಡಿದೆ. ಒಂದು ನೋಟ್ ಪುಸ್ತಕ ಇಟ್ಟೆ. ನನಗೆ ಬಂದದ್ದು ಒಂದು ಕಡೆ, ಮನೆಯವರಿಗೆ ಬಂದದ್ದು ಇನ್ನೊಂದು ಕಡೆ.

ಒಂದು ಸಂಜೆಯದ್ದು ಹೇಳುತ್ತೇನೆ. ನವೆಂಬರ್, ಮಳೆ ನಿಂತು ಹತ್ತು ದಿನ ಆಗಿತ್ತು. 6:40ಕ್ಕೆ ಎಡ ಮಣಿಕಟ್ಟಿಗೆ ಒಂದು ಸಲ ಒತ್ತಿದೆ. ಮೊದಲು ಬಂದದ್ದು ಆಲ್ಕೋಹಾಲಿನ ತಣ್ಣನೆ ಗಾಳಿ. ಅದರ ಹಿಂದೆಯೇ ಕಿತ್ತಳೆ ಜಾತಿಯ ಒಂದು ಮಿಂಚು, ಬೆರ್ಗಮಾಟ್ ಅನ್ನುತ್ತಾರೆ, ಹೇರಳೆಕಾಯಿ ಸಿಪ್ಪೆ ಚಿವುಟಿದ ಹಾಗೆ. ಅದು ಹಗುರ, ಬಿಸಿ ತಾಗಿದ ಕೂಡಲೇ ಹಾರುತ್ತದೆ. 6:50ಕ್ಕೆ ಇರಲಿಲ್ಲ. ಆಮೇಲೆ ಹೂವು ಬಂತು. ಮಲ್ಲಿಗೆ, ಜೊತೆಗೆ ಇಲಾಂಗ್ ಇಲಾಂಗ್ ಅನ್ನುವ ಹಳದಿ ಹೂವು. ಆ ಮಲ್ಲಿಗೆ ಬಿಡಿ ಹೂವಿನದ್ದಲ್ಲ. ಮದುವೆ ಮನೆಯಲ್ಲಿ ಒದ್ದೆ ಬಾಳೆಎಲೆಯಲ್ಲಿ ಸುತ್ತಿಟ್ಟ ದಂಡೆಯನ್ನು ಬಿಚ್ಚಿದಾಗ ಬರುತ್ತದಲ್ಲ, ಆ ಬೆಚ್ಚಗಿನ, ತುಸು ಬಾಡಿದ ಮಲ್ಲಿಗೆ. 7:30ರ ಹೊತ್ತಿಗೆ ಹೂವಿನ ಅಡಿಯಿಂದ ಸಿಹಿ ಎದ್ದಿತು. ಸಕ್ಕರೆಯ ಸಿಹಿಯಲ್ಲ. ವೆನಿಲಾ, ಜೊತೆಗೆ ಟೊಂಕಾ ಬೀಜದ ಒಣ ಹುಲ್ಲಿನ ಸಿಹಿ. ಬಣವೆಗೆ ಬೆನ್ನು ಕೊಟ್ಟು ಕೂತವರಿಗೆ ಆ ಸಿಹಿ ಗೊತ್ತು. 8:30ಕ್ಕೆ ನಾನು ಬರೆದಿರುವುದು "ಮುಗಿಯಿತು".

ಆದರೆ ಅದೇ 8:30ಕ್ಕೆ ಹೋಂವರ್ಕ್ ತೋರಿಸಲು ಪಕ್ಕಕ್ಕೆ ಬಂದ ಮಗಳು "ಅಮ್ಮ, ನಿನ್ನ ಕೈ ದೇವರ ಮನೆ ತರ ಇದೆ" ಅಂದಳು. 10 ಗಂಟೆಗೆ ಅತ್ತೆ "ಈಗ ಪಾಯಸ ಹೋಯ್ತು, ಗಂಧ ಉಳಿದಿದೆ" ಅಂದರು. ಬೆಳಿಗ್ಗೆ ಎದ್ದು, ನಿದ್ದೆಯಲ್ಲಿ ಆರಾಮಾದ ಮೂಗಿನಿಂದ ನೋಡಿದರೆ ಮಣಿಕಟ್ಟಿನಲ್ಲಿ ಗಂಧ ಇನ್ನೂ ಇತ್ತು. ಚರ್ಮಕ್ಕೆ ತೀರಾ ಹತ್ತಿರ, ಕೆನೆಯ ಹಾಗೆ ನುಣ್ಣಗೆ. ಹಾಕಿಕೊಂಡವಳಿಗೆ ಸಿಗುವುದು ಮೊದಲ ಎರಡು ಗಂಟೆ. ಉಳಿದದ್ದೆಲ್ಲ ಸುತ್ತಲಿನವರ ಪಾಲು. ನೋಟ್ ಪುಸ್ತಕದಲ್ಲಿ ಆ ಬೆಳಿಗ್ಗೆ ಹೆಸರಿನ ಕೆಳಗೆ ಒಂದು ಗೆರೆ ಎಳೆದೆ.

ಸಿಹಿ ಮತ್ತು ಮರ ಹೀಗೆ ಯಾಕೆ ಒಂದಕ್ಕೊಂದು ಇಷ್ಟು ಹೊಂದುತ್ತವೆ ಅಂತ ನಾನು ತುಂಬಾ ಯೋಚಿಸಿದ್ದೇನೆ. ನನ್ನ ಮಟ್ಟಿಗೆ ಇವೆರಡೂ ಓದಿ ತಿಳಿದದ್ದಲ್ಲ, ಕೈಯಿಂದ ಮುಟ್ಟಿದ್ದು.

ವೆನಿಲಾ ತವರು ಮನೆಯದ್ದು. ಮಾದಾಪುರದ ಹತ್ತಿರ ನಮ್ಮದು ಸಣ್ಣ ತೋಟ. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಅಲ್ಲಿನ ಬೆಳೆ ಹಾಳಾಯಿತು. ಬೆಲೆ ಏರುತ್ತಾ ಹೋಗಿ 2003ರ ಹೊತ್ತಿಗೆ ನಮ್ಮ ಕಡೆ ಹಸಿ ಕಾಯಿಗೇ ಕಿಲೋಗೆ ಸಾವಿರಗಟ್ಟಲೆ ರೂಪಾಯಿ. ಕೊಡಗಿನಲ್ಲಿ ಎಲ್ಲಿ ನೋಡಿದರೂ ಗೊಬ್ಬರದ ಗಿಡಕ್ಕೆ, ಅಡಿಕೆ ಮರಕ್ಕೆ ವೆನಿಲಾ ಬಳ್ಳಿ. ಜನ ರಾತ್ರಿ ಟಾರ್ಚ್ ಹಿಡಿದು ಬಳ್ಳಿ ಕಾಯುತ್ತಿದ್ದರು. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಹೂ ಬಿಡುವ ಕಾಲದಲ್ಲಿ ಬೆಳಿಗ್ಗೆ ಆರೂವರೆಗೆಲ್ಲ ಅಮ್ಮ, ನಾನು, ಚಿಕ್ಕಮ್ಮ ತೋಟದಲ್ಲಿ ಇರುತ್ತಿದ್ದೆವು. ವೆನಿಲಾ ಒಂದು ಆರ್ಕಿಡ್. ಅದರ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಬಾಡುತ್ತದೆ. ಅಷ್ಟರೊಳಗೆ ಪರಾಗಸ್ಪರ್ಶವನ್ನು ನಾವೇ ಮಾಡಬೇಕು. ಹೂವಿನ ಎಸಳನ್ನು ಕಡ್ಡಿಯಿಂದ ಸೀಳಿ, ಗಂಡು ಹೆಣ್ಣಿನ ನಡುವೆ ಇರುವ ತೆಳ್ಳನೆ ನಾಲಿಗೆಯನ್ನು ಮೇಲಕ್ಕೆತ್ತಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುವುದು. ಸರಿಯಾದರೆ ಹೂವು ಬಳ್ಳಿಯಲ್ಲೇ ನಿಲ್ಲುತ್ತದೆ, ತಪ್ಪಿದರೆ ಉದುರುತ್ತದೆ. ಈ ಕೈಚಳಕವನ್ನು ಕಂಡುಹಿಡಿದದ್ದು ಎಡ್ಮಂಡ್ ಆಲ್ಬಿಯಸ್. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ 12 ವರ್ಷದ ಹುಡುಗ. ಇವತ್ತಿಗೂ ಲೋಕದ ವೆನಿಲಾ ತೋಟಗಳಲ್ಲಿ ನಡೆಯುವುದು ಅವನ ವಿಧಾನವೇ. ಅವನ ಹೆಸರು ನಮಗೆ ಆಗ ಯಾರೂ ಹೇಳಿರಲಿಲ್ಲ. ಹೇಳಬೇಕಿತ್ತು.

ಅಷ್ಟೆಲ್ಲ ಮಾಡಿದರೂ ಬಳ್ಳಿಯಲ್ಲಿ ನೇತಾಡುವ ಹಸಿರು ಕಾಯಿಗೆ ವಾಸನೆಯೇ ಇಲ್ಲ. ಎಂಟೊಂಬತ್ತು ತಿಂಗಳು ಬಲಿತ ಕಾಯನ್ನು ಮೂಸಿದರೂ ಬೀನ್ಸ್ ಮೂಸಿದ ಹಾಗೆ. ಘಮ ಅದರೊಳಗೆ ಸಕ್ಕರೆಗೆ ಅಂಟಿಕೊಂಡು ಅಡಗಿರುತ್ತದೆ. 65 ಡಿಗ್ರಿ ಆಸುಪಾಸಿನ ನೀರಲ್ಲಿ ಕೆಲವೇ ನಿಮಿಷ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಾ ಬಿಸಿಲು ತೋರಿಸಿ ಮತ್ತೆ ಸುತ್ತಿ, ಹೀಗೆ ವಾರಗಟ್ಟಲೆ ಮಾಡಿದರೆ ಅದು ಕಪ್ಪಾಗಿ, ಮೆತ್ತಗಾಗಿ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ಆ ಘಮದ ಮುಖ್ಯ ಅಂಶ ವೆನಿಲಿನ್, ಅದು ಬಿಡುಗಡೆಯಾಗುವುದು ಆಗ. ಸುಮಾರು 5–6 ಕಿಲೋ ಹಸಿ ಕಾಯಿಗೆ ಒಂದು ಕಿಲೋ ಒಣಗಿದ್ದು. ಅಪ್ಪ ಮಾರುತ್ತಿದ್ದದ್ದು ಹಸಿ ಕಾಯಿಯೇ. ಒಂದಿಷ್ಟನ್ನು ಅಮ್ಮ ಮನೆಗೆ ಅಂತ ಕಂಬಳಿಯಲ್ಲಿ ಸುತ್ತಿದ್ದಳು. 2005ರ ಹೊತ್ತಿಗೆ ಬೆಲೆ ನೆಲಕ್ಕೆ ಬಿತ್ತು. ಬಳ್ಳಿ ಕಿತ್ತು ಹಾಕಿದೆವು. ಆ ಕಂಬಳಿ ಮಾತ್ರ ಇನ್ನೂ ತವರಲ್ಲಿದೆ. ಮಡಿಕೆ ಬಿಚ್ಚಿದರೆ ಈಗಲೂ ಮಂದವಾಗಿ ಬರುತ್ತದೆ: ಸಿಹಿ, ಉಣ್ಣೆ, ಹೊಗೆ.

ಇನ್ನೂ ಒಂದು ಸಂಗತಿ ನನಗೆ ತುಂಬಾ ಇಷ್ಟ. ವೆನಿಲಿನ್ನನ್ನು ಮೊದಲ ಸಲ ಕೃತಕವಾಗಿ ಮಾಡಿದ್ದು 1874ರಲ್ಲಿ, ಜರ್ಮನಿಯ ಟೀಮನ್ ಮತ್ತು ಹಾರ್ಮನ್. ಅವರು ಅದನ್ನು ತೆಗೆದದ್ದು ಪೈನ್ ಜಾತಿಯ ಮರದ ರಸದಲ್ಲಿ ಸಿಗುವ ಕೋನಿಫೆರಿನ್‌ನಿಂದ. ಮುಂದೆ ಕಾಗದದ ಕಾರ್ಖಾನೆಯಲ್ಲಿ ಉಳಿಯುವ ಮರದ ಲಿಗ್ನಿನ್‌ನಿಂದಲೂ ಮಾಡಿದರು. ಅಂದ್ರೆ ಆ ಸಿಹಿ ಮರದೊಳಗೇ ಇತ್ತು! ಗೆರ್ಲ್ಯಾನ್ ಮನೆಯವರೇ 1889ರಲ್ಲಿ ತಂದ ಜಿಕಿ ಅನ್ನುವ ಸೆಂಟಿನಲ್ಲಿ ಈ ಕೃತಕ ವೆನಿಲಿನ್ ಬಳಸಿದ್ದರು. ಸಂಸಾರ ಬಂದದ್ದು ಅದಕ್ಕೆ ಸರಿಯಾಗಿ ನೂರು ವರ್ಷಕ್ಕೆ.

ನಮ್ಮ ಮನೆಗಳಲ್ಲೂ ಈ ಜೋಡಿ ಹೊಸದಲ್ಲ. ಎಣ್ಣೆಸ್ನಾನ ಆದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಮಗುವಿನ ಕೂದಲು ಹರಡಿ ಹೊಗೆ ಕೊಡುತ್ತಿದ್ದರಲ್ಲ, ಆ ವಾಸನೆ ನೆನಪು ಮಾಡಿಕೊಳ್ಳಿ. ಅದೂ ಸಿಹಿ, ಅದೂ ಮರ. ಸಾಂಬ್ರಾಣಿಯ ಕೆಲವು ಬಗೆಗಳಲ್ಲಿ ವೆನಿಲಿನ್ ಇದ್ದೇ ಇದೆ.

ಗಂಧ ಅಜ್ಜಿ ಮನೆಯದ್ದು. ಶನಿವಾರಸಂತೆ ಕಡೆ ಕೊಡಗಿನ ಒಣ ಅಂಚು. ಮಡಿಕೇರಿಯ ಮಳೆ ಅಲ್ಲಿಲ್ಲ. ಬೇಲಿ ಸಾಲಿನಲ್ಲಿ ಗಂಧದ ಗಿಡ ತಾನಾಗಿ ಏಳುತ್ತಿತ್ತು. ಅದನ್ನು ಕಂಡರೆ ಅಜ್ಜನಿಗೆ ಖುಷಿಗಿಂತ ಭಯ. ಸ್ವಂತ ಜಮೀನಿನಲ್ಲಿ ಬೆಳೆದರೂ ಗಂಧ ಸರ್ಕಾರದ್ದು ಅನ್ನುವ ಕಾಲ ಅದು. ಕಳ್ಳರು ಕಡಿದರೂ ಉತ್ತರ ಹೇಳಬೇಕಾದವನು ಜಮೀನಿನವನೇ. 2001ರಲ್ಲಿ ಕಾನೂನು ತಿದ್ದಿದ ಮೇಲೆ ಬೆಳೆದವನಿಗೆ ಮರದ ಮೇಲೆ ಹಕ್ಕು ಬಂತು. ಅಜ್ಜ ಅದನ್ನು ನೋಡಲು ಉಳಿದಿರಲಿಲ್ಲ.

ಅಜ್ಜಿಯ ದೇವರ ಕೋಣೆಯಲ್ಲಿ ಒಂದು ಸಾಣೆಕಲ್ಲು, ಗೇಣುದ್ದದ ಗಂಧದ ಕೊರಡು. ಕೊರಡನ್ನು ಸುಮ್ನೆ ಮೂಸಿದರೆ ಅಂಥದ್ದೇನೂ ಇಲ್ಲ, ಹಳೇ ಮರದ ತುಂಡು. ಕಲ್ಲಿಗೆ ನಾಲ್ಕು ಹನಿ ನೀರು ಬಿಟ್ಟು ತೇಯ್ದಾಗ ಮಾತ್ರ ಅದು ಬಾಯಿ ಬಿಡುತ್ತದೆ. ಮೊದಲು ಒದ್ದೆ ಕಲ್ಲಿನ ವಾಸನೆ. ಆಮೇಲೆ ಹಾಲಿನ ಕೆನೆಯಂಥದ್ದು ಏನೋ. ಅದರ ಹಿಂದೆ ಗಂಧ. ತೇಯುವ ಜೋರು ಜಾಸ್ತಿಯಾದರೆ ಅಜ್ಜಿ ಕೈ ಹಿಡಿಯುತ್ತಿದ್ದಳು. "ಮೆಲ್ಲಗೆ. ಅದಕ್ಕೆ ಅವಸರ ಆಗಲ್ಲ." ಹಣೆಗಿಟ್ಟ ಗಂಧದ ಬೊಟ್ಟು ಒಣಗಿ ಬಿರುಕು ಬಿಟ್ಟ ಮೇಲೂ ಸಂಜೆವರೆಗೆ ಘಮ ಬಿಡುತ್ತಿರಲಿಲ್ಲ. ಗಂಧದೆಣ್ಣೆಯಲ್ಲಿ ಮುಖ್ಯವಾದದ್ದು ಸ್ಯಾಂಟಲಾಲ್. ಅದರ ಕಣ ಭಾರ, ಏಳುವುದು ನಿಧಾನ. ಸೆಂಟಿನಲ್ಲಿ ಗಂಧ ತಳಕ್ಕೆ ಕೂತು ಮೇಲಿನ ಹಗುರದ ವಾಸನೆಗಳನ್ನೂ ತಡೆದು ನಿಲ್ಲಿಸುವುದು ಹೀಗೆ.

ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾದದ್ದು 1916ರಲ್ಲಿ. ಮೊದಲ ಮಹಾಯುದ್ಧದಿಂದ ಜರ್ಮನಿಗೆ ಕೊರಡು ಕಳಿಸುವುದು ನಿಂತು, ಎಣ್ಣೆಯನ್ನು ಇಲ್ಲೇ ತೆಗೆಯಲು ಹೊರಟರು. ಸಂಸಾರ ಬಂದ ಕಾಲಕ್ಕೆ ಅದರಲ್ಲಿ ಮೈಸೂರು ಗಂಧದೆಣ್ಣೆಯನ್ನು ಧಾರಾಳವಾಗಿ ಬಳಸಿದ್ದರು. ಆಮೇಲೆ ಮರ ಕಡಿಮೆಯಾಯಿತು, ಬೆಲೆ ಏರಿತು. ಇವತ್ತು ಲೋಕದ ಸೆಂಟುಗಳಲ್ಲಿ ಗಂಧದ ಪಾಲನ್ನು ಹೆಚ್ಚಾಗಿ ಪ್ರಯೋಗಶಾಲೆಯ ಅಣುಗಳು, ಆಸ್ಟ್ರೇಲಿಯಾದ ತೋಟಗಳು ತುಂಬುತ್ತಿವೆ. ನನ್ನ ಸೀಸೆಯಲ್ಲಿ ಮರದ್ದೆಷ್ಟು, ಮಾಡಿದ್ದೆಷ್ಟು ಅಂತ ನನ್ನ ಮೂಗು ಲೆಕ್ಕ ಕೊಡುವುದಿಲ್ಲ. ಆದರೂ ನಮ್ಮ ಬೇಲಿಯ ಮರ ಪ್ಯಾರಿಸ್ಸಿಗೆ ಹೋಗಿ, ನಮ್ಮದೇ ಪದವನ್ನು ಹೆಸರಾಗಿ ಹೊತ್ತು, ದುಬೈ ಸುತ್ತಿ ಮಡಿಕೇರಿಯ ಬೀರುವಿಗೆ ವಾಪಸ್ ಬಂದದ್ದು ನೆನೆದರೆ ಎದೆ ತುಂಬುತ್ತದೆ. ಗಂಧದ ಗಿಡ ಒಂಟಿಯಾಗಿ ಬದುಕುವುದಿಲ್ಲ ಅಂತ ನಿಮಗೆ ಗೊತ್ತಾ? ಅದರ ಬೇರು ಪಕ್ಕದ ಗಿಡದ ಬೇರನ್ನು ಹಿಡಿದು ಆಹಾರ ಎಳೆದುಕೊಳ್ಳುತ್ತದೆ. ಅದಕ್ಕೇ ಗಂಧ ನೆಡುವವರು ಪಕ್ಕದಲ್ಲಿ ತೊಗರಿಯನ್ನೋ ಇನ್ನೊಂದನ್ನೋ ನೆಡುತ್ತಾರೆ.

ಇನ್ನು ನಮ್ಮ ಹವೆಯಲ್ಲಿ ಇದು ಹೇಗೆ ಅಂತ. ಕುಶಾಲನಗರ ಮಡಿಕೇರಿಗಿಂತ ಸುಮಾರು 300 ಮೀಟರ್ ಕೆಳಗೆ. ಬಸ್ಸಿನಲ್ಲಿ ಒಂದು ಗಂಟೆ. ಆದರೆ ಗಾಳಿ ಬೇರೆಯೇ. ರಜೆಯ ದಿನ ಅಲ್ಲಿ ನೆಂಟರ ಮನೆಗೆ ಹೋದಾಗ ನೋಡಿದ್ದೇನೆ. ಏಪ್ರಿಲ್ ಬಿಸಿಲಿಗೆ ಸಿಹಿ ಒಂದೇ ಸಲ ಮೇಲೇಳುತ್ತದೆ. ಬಸ್ಸಿನಲ್ಲಿ ಪಕ್ಕದವರಿಗೆ ಅದು ಜಾಸ್ತಿಯಾಗಬಹುದು, ಹಾಗಾಗಿ ಆ ಕಾಲದಲ್ಲಿ ಒಂದೇ ಸಲ ಒತ್ತುವುದು, ಅದೂ ರವಿಕೆಯ ಕೆಳಗೆ ಸೊಂಟದ ಹತ್ತಿರ. ನಾಲ್ಕು ಗಂಟೆಯಲ್ಲಿ ಸಿಹಿ ಸುಟ್ಟುಹೋಗಿ ಮರ ಮಾತ್ರ ಉಳಿಯುತ್ತದೆ.

ಮಡಿಕೇರಿಯ ಮಳೆಗಾಲ ಇದಕ್ಕೆ ಪೂರ್ತಿ ಉಲ್ಟಾ. ಜುಲೈಯಲ್ಲಿ ಮನೆಯೊಳಗೂ ಮಂಜು. ಬಟ್ಟೆ ಒಣಗುವುದಿಲ್ಲ, ಅಗ್ಗಿಷ್ಟಿಕೆಯ ಮೇಲೆ ಬುಟ್ಟಿ ಇಟ್ಟು ಒಣಗಿಸುತ್ತೇವೆ. ಬೀರು ತೆರೆದರೆ ಬೂಷ್ಟಿನ ವಾಸನೆ. ಈ ಚಳಿಗೆ ಸೆಂಟು ಬಾಯಿ ಬಿಡಲು ಹಿಂಜರಿಯುತ್ತದೆ. ಹೂವು ಬರುವುದಕ್ಕೇ ಅರ್ಧ ಗಂಟೆ. ಆದರೆ ಬಂದದ್ದು ಹೋಗುವುದಿಲ್ಲ. ಹೊಗೆ ಹಿಡಿದ ಉಣ್ಣೆಯ ಮೇಲೆ ಗಂಧ, ವೆನಿಲಾ ಕೂತಾಗ ಮೂರೂ ಸೇರಿ ಇನ್ನೊಂದೇ ಆಗುತ್ತದೆ. ನನ್ನ ಮಟ್ಟಿಗೆ ಈ ಸೆಂಟು ಹುಟ್ಟಿದ್ದೇ ಕೊಡಗಿನ ಮಳೆಗಾಲಕ್ಕೆ. ಪ್ಯಾರಿಸ್ಸಿನವರಿಗೆ ಅದು ಗೊತ್ತಿರಲಿಲ್ಲ ಅಷ್ಟೆ.

ಡಿಸೆಂಬರ್, ಜನವರಿಯ ಒಣಗಾಳಿಯಲ್ಲಿ ಚರ್ಮ ಬಿರಿಯುತ್ತದೆ. ಎಣ್ಣೆಯಂಶ ಇಲ್ಲದ ಚರ್ಮಕ್ಕೆ ಹಿಡಿದಿಡಲು ಏನೂ ಇರುವುದಿಲ್ಲ. ಸ್ನಾನವಾದ ಕೂಡಲೇ ವಾಸನೆಯಿಲ್ಲದ ಕ್ರೀಮನ್ನೋ ಒಂದು ಹನಿ ಎಣ್ಣೆಯನ್ನೋ ಹಚ್ಚಿ ಅದರ ಮೇಲೆ ಹಾಕಿದರೆ ಮಧ್ಯಾಹ್ನಕ್ಕೆ ಮುಗಿಯುವುದು ಸಂಜೆಗೆ ಬರುತ್ತದೆ. ಮಣಿಕಟ್ಟು ಮಣಿಕಟ್ಟಿಗೆ ಉಜ್ಜಬೇಡಿ. ಆ ಬಿಸಿಗೆ ಮೇಲಿನ ಹಗುರದ್ದು ಬೇಗ ಹಾರಿಹೋಗುತ್ತದೆ. ಮತ್ತೆ, ಕಾಗದದ ಪಟ್ಟಿ ಮೂಸಿ ಕೊಳ್ಳಬೇಡಿ. ಕಾಗದಕ್ಕೆ ಮೈಬಿಸಿ ಇಲ್ಲ. ಅಂಗಡಿಯಲ್ಲಿ ಮೂಗು ತೊಳೆಯಲು ಅಂತ ಕಾಫಿ ಬೀಜ ಕೊಡುತ್ತಾರಲ್ಲ, ಅದೂ ಬೇಕಾಗಿಲ್ಲ. 2011ರಲ್ಲಿ ಅಮೆರಿಕದಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಕಾಫಿ ಬೀಜ ಬರೀ ಗಾಳಿಗಿಂತ ಹೆಚ್ಚಿನ ಸಹಾಯವೇನೂ ಮಾಡಲಿಲ್ಲ. ಹೊರಗೆ ಹೋಗಿ ನಾಲ್ಕು ಉಸಿರು ತಗೊಳ್ಳಿ, ಸಾಕು.

ವರ್ಷಕ್ಕೊಂದು ವಾರ ಮಾತ್ರ ನಾನು ಭಾನುವಾರವೂ ಸೀಸೆ ಮುಟ್ಟುವುದಿಲ್ಲ. ಹೂಮಳೆ, ಅಂದ್ರೆ ಕಾಫಿ ಹೂ ಬಿಡಿಸುವ ಬೇಸಿಗೆ ಮಳೆ, ಬಿದ್ದು ಎಂಟೊಂಬತ್ತು ದಿನಕ್ಕೆ ಕಾಫಿ ತೋಟಗಳು ಬೆಳ್ಳಗೆ ಅರಳಿದಾಗ. ಸುಂಟಿಕೊಪ್ಪ ದಾಟುವಾಗ ಬಸ್ಸಿನ ಕಿಟಕಿಯಿಂದ ನುಗ್ಗುವ ಆ ಘಮದ ಮುಂದೆ ಇನ್ನೊಂದು ಹಾಕಿಕೊಳ್ಳಲು ಮನಸ್ಸಾಗುವುದಿಲ್ಲ.

ಹೋದ ಆಗಸ್ಟಿನ ಒಂದು ಭಾನುವಾರ. ಕರೆಂಟಿರಲಿಲ್ಲ, ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ಅಡುಗೆ ಮುಗಿಸಿ ಅತ್ತೆಯ ಕೋಣೆಗೆ ಊಟ ತಗೊಂಡು ಹೋದೆ.

"ಇವತ್ತು ಹಾಕ್ಕೊಂಡಿಲ್ವಾ?" ಅಂದರು.

"ಇಲ್ಲ ಅತ್ತೆ. ಕೆಲಸದಲ್ಲಿ ಮರೆತೆ."

ಊಟ ಆಯಿತು. ತಟ್ಟೆ ಎತ್ತುವಾಗ ಅವರು ಕಂಬಳಿಯೊಳಗಿಂದ ಕೈ ಹೊರಗೆ ತೆಗೆದು ಚಾಚಿದರು. ಅಂಗೈ ಮೇಲೆ ಮಾಡಿ. ಏನೂ ಹೇಳಲಿಲ್ಲ. ಮಾವ ಹೋಗಿ ಹನ್ನೊಂದು ವರ್ಷ. ಅಲ್ಲಿಂದ ಅವರು ಒಂದು ಎಸಳು ಹೂವನ್ನೂ ಮುಡಿದವರಲ್ಲ.

ನಾನು ಸೀಸೆ ತಂದೆ. ಎಪ್ಪತ್ತೆಂಟು ವರ್ಷದ ಚರ್ಮ, ಹಳೇ ರೇಷ್ಮೆಯ ಹಾಗೆ ತೆಳ್ಳಗೆ, ಒಣಗಿದ್ದು. ಮೊದಲು ಎರಡು ಹನಿ ಕೊಬ್ಬರಿ ಎಣ್ಣೆ ಸವರಿದೆ. ಆಮೇಲೆ ಒಂದು ಸಲ ಒತ್ತಿದೆ. ತಣ್ಣಗಾಯಿತು ಅಂತ ಅವರು ಕೈ ಸ್ವಲ್ಪ ಎಳೆದುಕೊಂಡರು. ಕಾದೆವು. ಅವರ ಮೈಮೇಲೆ ಅದು ಬೇರೆ ದಾರಿ ಹಿಡಿಯಿತು. ಮಲ್ಲಿಗೆ ಹೆಚ್ಚುಕಮ್ಮಿ ಬರಲೇ ಇಲ್ಲ. ಸಿಹಿ ಎಣ್ಣೆಯ ಜೊತೆ ಸೇರಿ ಕೊಬ್ಬರಿ ಮಿಠಾಯಿಯ ಹಾಗೆ ಒಂದು ಗಳಿಗೆ ಬಂದು ಹೋಯಿತು. ಕಾಲು ಗಂಟೆಗೆಲ್ಲ ಗಂಧ, ಬರೀ ಗಂಧ, ಸಾಣೆಕಲ್ಲಿನ ಮೇಲಿನ ಒದ್ದೆ ಗಂಧ. ನನ್ನ ಕೈಮೇಲೆ ಆರು ಗಂಟೆ ಕಾದರೂ ಅದು ಇಷ್ಟು ಬರಿದಾಗಿ ಸಿಕ್ಕಿಲ್ಲ.

ಅತ್ತೆ ಮಣಿಕಟ್ಟನ್ನು ಮೂಗಿನ ಹತ್ತಿರ ಇಟ್ಟುಕೊಂಡೇ ಇದ್ದರು. ಸ್ವಲ್ಪ ಹೊತ್ತಾದ ಮೇಲೆ "ನನಗೆ ಹೋಯ್ತು" ಅಂದರು. "ನಿನಗೆ ಬರ್ತಿದ್ಯಾ?"

"ಬರ್ತಿದೆ ಅತ್ತೆ."

"ಹಂಗಾದ್ರೆ ಇಲ್ಲೇ ಕೂತ್ಕೋ ಸ್ವಲ್ಪ."